ಯಾರ ಮನೆ?

ಸುಂಟಿಕೊಪ್ಪ, ಬೆಳೆಗಾರರ ಸಂಘದ ಕಚೇರಿ,
ಮಾರ್ಚಿ ಹನ್ನೊಂದು, ಹತ್ತಕ್ಕೆ ಕಾಲು ಗಂಟೆ ಇದೆ.
ಹೂಮಳೆ ಇನ್ನೂ ಬಿದ್ದಿಲ್ಲ.
ಕುಶಾಲನಗರದಿಂದ ಬಂದ ನನ್ನ ಹೆಲ್ಮೆಟ್ಟಿನೊಳಗೂ ಧೂಳು.

"ಡಿಸ್ಕು ಕಾಣ್ತಿಲ್ಲ" ಎಂದರು ಚೋಂದಮ್ಮ,
ಕನ್ನಡಕ ಕಳೆದುಕೊಂಡವರ ದನಿಯಲ್ಲಿ.
ಕಾಣುತ್ತಿತ್ತು. ಮಹಡಿಯ ಕಪಾಟಿನ ಮೇಲೆ,
ಕರಿಮೆಣಸಿನ ಸ್ಯಾಂಪಲ್ ಡಬ್ಬಿಗಳ ಪಕ್ಕ
ಹಸಿರು ದೀಪ ಮಿಟುಕಿಸುತ್ತ ಬೆಚ್ಚಗೆ ಕೂತಿತ್ತು.
ಕೆಳಗಿನ ಕಂಪ್ಯೂಟರಿಗೆ ಮಾತ್ರ ಅದು ಇಲ್ಲ.
ನೆಟ್‌ವರ್ಕ್ ಎಂದು ಒತ್ತಿದರೆ ಬಿಳಿ ಹಾಳೆ,
ಅದರಲ್ಲಿ ಒಂದೇ ಒಂದು ಪ್ರಿಂಟರು,
ಅದೂ ಕೆಟ್ಟು ಎರಡು ವರ್ಷವಾಯಿತಂತೆ.

ಅರವತ್ತೆರಡು ವರ್ಷದ ಮಳೆ ಆ ಡಿಸ್ಕಿನಲ್ಲಿದೆ.
ತೋಟ ತೋಟದ ರಿಜಿಸ್ಟರು, ಇಂಚು, ಸೆಂಟು,
ಗೆದ್ದಲು ತಿನ್ನುವ ಮೊದಲೇ ಸ್ಕ್ಯಾನು ಮಾಡಿಸಿದ್ದು.
ನಾಡಿದ್ದು ಮೀಟಿಂಗು. "ಹೂಮಳೆ ಇಷ್ಟು ತಡವಾದ ವರ್ಷ
ಹಿಂದೆ ಯಾವುದು?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಆರಿಸಿ ಹಚ್ಚಿದೆ. ಕೇಬಲ್ಲು ಬದಲಿಸಿದೆ.
ಕಾವಲು ಗೋಡೆಯನ್ನು ಎರಡು ನಿಮಿಷ ಮಲಗಿಸಿದೆ.
ಹುಡುಕುವ ಸೇವೆ ನಡೆಯುತ್ತಿದೆಯೇ? ನಡೆಯುತ್ತಿದೆ.
"ಇದು ಹೇಗೆಂದರೆ, ಮೇಡಂ,
ಡಿಸ್ಕು ಆಗಾಗ ಕೂಗಬೇಕು, ನಾನಿದ್ದೇನೆ ಅಂತ.
ಕಂಪ್ಯೂಟರು ಆ ಕೂಗು ಕೇಳಬೇಕು.
ಒಂದೋ ಅದು ಕೂಗುತ್ತಿಲ್ಲ, ಇಲ್ಲಾ ಇದಕ್ಕೆ ಕಿವಿ ಹೋಗಿದೆ."

ಅವರು ಕಾಫಿ ತಂದಿಟ್ಟರು. ಬೆಲ್ಲದ್ದು.
ಆಮೇಲೆ ಕೇಳಿದರು, ಈ ನಾಡಿನಲ್ಲಿ
ಎಲ್ಲರೂ ಎಲ್ಲರನ್ನೂ ಕೇಳುವ ಹಾಗೆ,
ಬೇಸರಕ್ಕಲ್ಲ, ಜಾಗ ತೋರಿಸಿ ಕೂರಿಸುವುದಕ್ಕೆ:
"ಯಾರ ಮನೆ ನೀನು?"

ಇಲ್ಲಿ ಮನೆಹೆಸರು ಮೊದಲು, ಮನುಷ್ಯ ಆಮೇಲೆ.
ಮನೆಹೆಸರು ಹೇಳಿದರೆ ಸಾಕು,
ಅಜ್ಜ, ಗದ್ದೆ, ಹಳೇ ಜಗಳ, ಎಲ್ಲ ತಾನಾಗಿ ಗುರುತು.
"ಗುಂಡುಕಾಡು ತೋಟ" ಎಂದೆ. "ಲೈನ್ ಮನೆ.
ಮೂರನೇ ಸಾಲು, ಹನ್ನೊಂದು."
"ಓ" ಎಂದರು.
ಆ "ಓ" ಕೆಟ್ಟದ್ದೇನಲ್ಲ. ಖಾಲಿ, ಅಷ್ಟೆ.
ಹುಡುಕಿ ಏನೂ ಸಿಗದ ಕಿಟಕಿಯ ಹಾಗೆ.

ಲೋಟ ಬಾಯಿಗಿಡುವಾಗ ಹೊಳೆಯಿತು.
ಮೊದಲ ಮೂರು ಅಂಕಿ ಮನೆಹೆಸರು,
ಕೊನೆಯದು ಮನೆಯೊಳಗಿನ ಆಳು.
ಕಂಪ್ಯೂಟರಿನ ಮೂರನೇ ಅಂಕಿ ಸೊನ್ನೆ.
ಮಹಡಿಗೆ ಓಡಿದೆ. ಡಿಸ್ಕಿನದು ಒಂದು.
"ಮೇಲೆ ಹೊಸ ಪೆಟ್ಟಿಗೆ ಯಾರಿಟ್ಟರು?"
"ಕೇಬಲ್ಲಿನ ಹುಡುಗ. ಕಳೆದ ವಾರ. ಸಿಗ್ನಲ್ ಸಾಲದು ಅಂತ."
ಒಂದೇ ಸೂರಿನಡಿ ಎರಡು ಒಲೆ ಹೂಡಿ ಹೋಗಿದ್ದಾನೆ.
ಡಿಸ್ಕು ವಾರವಿಡೀ ಕೂಗುತ್ತಲೇ ಇತ್ತು.
ಕೂಗು ಹೊಸ್ತಿಲು ದಾಟುವುದಿಲ್ಲ.

ಪೂರ್ತಿ ವಿಳಾಸ ಕೈಯಾರೆ ಬರೆದೆ, ನಾಲ್ಕೂ ಅಂಕಿ.
ತೆರೆಯಿತು.
ಆಮೇಲೆ ಹೊಸ ಪೆಟ್ಟಿಗೆಯಿಂದ ಹೆಸರಿಡುವ ಕೆಲಸ ಬಿಡಿಸಿ
ಬರೀ ದಾರಿ ಬಿಡುವ ಕೆಲಸ ಕೊಟ್ಟೆ.
ಪಟ್ಟಿ ಆಗಲೂ ಖಾಲಿಯೇ.
ಲೋಟ ತೊಳೆದಿಟ್ಟು ಬರುವಷ್ಟರಲ್ಲಿ
ಪ್ರಿಂಟರಿನ ಕೆಳಗೆ, ಏನೂ ಆಗಿಲ್ಲವೆಂಬಂತೆ, ಡಿಸ್ಕು.

ಎಲ್ಲ ಸರಿಯಿದೆಯೇ ನೋಡಲು ಒಂದು ಫೈಲು ತೆಗೆಯಬೇಕಿತ್ತು.
ಗುಂಡುಕಾಡು ತೆಗೆದೆ. ತೊಂಬತ್ತಾರು, ಏಪ್ರಿಲ್.
ನೀಲಿ ಶಾಯಿ, ರೈಟರ ಓರೆ ಅಕ್ಷರ.
ಅಮ್ಮ ಏಳು ಗಂಟೆಗೆ ಮಳೆಮಾಪಕ ಬಗ್ಗಿಸಿ
ಗಾಜಿನ ಲೋಟ ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ
ಆಫೀಸಿನ ಹೊರಗಿನಿಂದಲೇ ಕೂಗುತ್ತಿದ್ದಳು,
"ಎಂಬತ್ತೆರಡು ಸೆಂಟು, ಸಾರ್!"
ಅಂಕಿ ಒಳಗೆ ಹೋಗುತ್ತಿತ್ತು.
ಅಳೆದವರು ಎಂಬ ಕಾಲಂನಲ್ಲಿ ರೈಟರ ಸಹಿ.

ಫೈಲು ಮುಚ್ಚಿದೆ. ಚೋಂದಮ್ಮನಿಗೆ ಹೇಳಲಿಲ್ಲ.
ಪ್ಲಾಸ್ಟರು ಹರಿದು, ನಾಲ್ಕೂ ಅಂಕಿ ದಪ್ಪಗೆ ಬರೆದು
ಡಿಸ್ಕಿನ ಹಣೆಗೆ ಅಂಟಿಸಿದೆ.
"ಈಗ ತಾನಾಗೇ ಕಾಣುತ್ತಲ್ಲಾ, ಇದ್ಯಾಕೆ?"
"ಇರಲಿ, ಮೇಡಂ."

ಬಿಲ್ಲಿನ ಮೇಲೆ ಅವರು ನನ್ನ ಹೆಸರು ಕೇಳಿದರು.
ಪೂಂಗೊಡಿ ಎಂದೆ.
ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡರು.